ಯೂನಿವರ್ಸಿಟಿ ಅರ್ಜಿಗೆ ರಿಸರ್ಚ್ ಪ್ರಾಜೆಕ್ಟ್: ಪ್ರಶ್ನೆ ಆರಿಸೋದು ಹೇಗೆ?



ಪುಣೆಯಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ನಾನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಹೊರದೇಶದ ಯೂನಿವರ್ಸಿಟಿಗೆ ಅಪ್ಲೈ ಮಾಡ್ಬೇಕು, ಅದಕ್ಕೊಂದು ರಿಸರ್ಚ್ ಪ್ರಾಜೆಕ್ಟ್ ಇದ್ರೆ ಒಳ್ಳೇದಂತೆ. ಯಾವ ಟಾಪಿಕ್ ತಗೊಳ್ಳೋದು?" ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳಿ. ನಿಮ್ಮ ಗುರಿ ಇಲ್ಲೇ ಪಾಷಾಣದಲ್ಲಿರುವ ಐಸರ್ ಆಗಿದ್ದರೆ, ಪದವಿ ಪ್ರವೇಶಕ್ಕೆ ಬೇಕಾಗಿರೋದು ಐಎಟಿ ಪರೀಕ್ಷೆಯ ಅಂಕ. ಎಂಜಿನಿಯರಿಂಗ್‌ಗೆ ಜೆಇಇ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ. ಅಲ್ಲೆಲ್ಲ ಪ್ರಾಜೆಕ್ಟ್ ಮಾಡಿದ್ದಕ್ಕೆ ಅಂಕ ಸೇರಲ್ಲ. ಕುತೂಹಲಕ್ಕೆ ಮಾಡಿ, ಸಂತೋಷ. ಆದರೆ ಪರೀಕ್ಷೆಯ ಓದನ್ನು ಬಲಿಕೊಟ್ಟು ಮಾಡ್ಬೇಡಿ.

ಪ್ರಾಜೆಕ್ಟ್ ಲೆಕ್ಕಕ್ಕೆ ಬರೋದು ಅಮೆರಿಕ, ಬ್ರಿಟನ್‌ನ ಅರ್ಜಿಗಳಲ್ಲಿ, ಮತ್ತೆ ನಮ್ಮ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ. ಅಲ್ಲೂ ಎಷ್ಟು ಜಾಗ ಸಿಗುತ್ತೆ ನೋಡಿ. ಅಮೆರಿಕದ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗಳನ್ನು ನಮೂದಿಸಬಹುದು. ಒಂದೊಂದರ ವಿವರಣೆಗೆ 150 ಅಕ್ಷರ. ಬ್ರಿಟನ್ನಿನ ಯೂಕಾಸ್‌ನಲ್ಲಿ 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಿವೆ, ಮೂರಕ್ಕೂ ಸೇರಿ 4000 ಅಕ್ಷರ. ಅಂದರೆ ನೀವು ಒಂದು ವರ್ಷ ಮಾಡಿದ ಕೆಲಸವನ್ನು ಎರಡು ಸಾಲಲ್ಲಿ ಹೇಳ್ಬೇಕು.

ಈ ಮಿತಿಯೇ ನಮಗೆ ಒಳ್ಳೆಯ ಒರೆಗಲ್ಲು. "ಹವಾಮಾನ ಬದಲಾವಣೆ ಮತ್ತು ಭಾರತ" ಅಂತ ಬರೆದರೆ ಓದುವವರಿಗೆ ಏನೂ ತಿಳಿಯಲ್ಲ. ನೀವು ಏನು ಮಾಡಿದಿರಿ? ನಾಲ್ಕು ವೆಬ್‌ಸೈಟ್ ಓದಿದಿರಾ? ಅದೇ "ಕೋಥ್ರೂಡ್‌ನ ನಮ್ಮ ಮನೆ ಹತ್ತಿರ 122 ದಿನ ಮಳೆ ಅಳೆದೆ, ಶಿವಾಜಿನಗರದ ಅಳತೆಯ ಜೊತೆ ಹೋಲಿಸಿದೆ" ಅಂದರೆ ಆ ಹುಡುಗಿಯ ಇಡೀ ಮಳೆಗಾಲ ಕಣ್ಣಿಗೆ ಕಟ್ಟುತ್ತೆ.

ಈ ಮಳೆಯ ಉದಾಹರಣೆಯನ್ನೇ ಬಿಡಿಸಿ ನೋಡೋಣ. ಭಾರತದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂತು. ಶಿವಾಜಿನಗರದ ಆ ಕಟ್ಟಡವನ್ನು ಜನ ಇವತ್ತಿಗೂ ಸಿಮ್ಲಾ ಆಫೀಸ್ ಅಂತಲೇ ಕರೀತಾರೆ. ಶಿವಾಜಿನಗರ, ಪಾಷಾಣ, ಲೋಹಗಾಂವ್‌ಗಳ ಮಳೆಯ ಅಂಕಿಗಳು ಮಳೆಗಾಲದಲ್ಲಿ ಪೇಪರ್‌ನಲ್ಲೇ ಬರುತ್ತವೆ. ಬೆಳಗ್ಗೆ 8:30ರಿಂದ ಮರುದಿನ ಬೆಳಗ್ಗೆ 8:30ರವರೆಗೆ ಬಿದ್ದದ್ದು ಒಂದು ದಿನದ ಮಳೆ. ನಿಮಗೆ ಬೇಕಾಗಿರೋದು ನೇರ ಗೋಡೆಯ ಒಂದು ಡಬ್ಬಿ, ಒಂದು ಸ್ಕೇಲು, ಮತ್ತೆ ದಿನಾ 8:30ಕ್ಕೆ ಅಳೆಯುವ ಶಿಸ್ತು. ಡಬ್ಬಿಯಲ್ಲಿ ನಿಂತ ನೀರಿನ ಆಳವೇ ಮಿಲಿಮೀಟರ್ ಲೆಕ್ಕದ ಮಳೆ.

ಆದರೆ "ಮಳೆ ಅಳೀತೀನಿ" ಅನ್ನೋದು ಇನ್ನೂ ಪ್ರಶ್ನೆ ಆಗಿಲ್ಲ. ಪ್ರಶ್ನೆ ಹೀಗಿರಬಹುದು: ಮೇ ತಿಂಗಳ ಗುಡುಗು ಮಳೆಯಲ್ಲಿ ನಮ್ಮ ಏರಿಯಾಕ್ಕೂ ಶಿವಾಜಿನಗರಕ್ಕೂ ಇರುವ ವ್ಯತ್ಯಾಸ, ಜುಲೈನ ಜಿಟಿಜಿಟಿ ಮಳೆಯಲ್ಲಿ ಇರೋದಕ್ಕಿಂತ ಜಾಸ್ತಿನಾ? ಈಗ ನೋಡಿ, ಉತ್ತರ ಹೌದು ಅಂತ ಬಂದರೂ ಅಲ್ಲ ಅಂತ ಬಂದರೂ ಹೇಳೋಕೆ ಏನೋ ಇದೆ. ಒಂದೇ ಉತ್ತರ ಬಂದರೆ ಮಾತ್ರ ಗೆದ್ದಂತೆ ಅನ್ನೋ ವಿಷಯ ತಗೊಂಡರೆ, ಡೇಟಾ ತಿರುಚುವ ಆಸೆ ಹುಟ್ಟುತ್ತೆ.

ಜೊತೆಗೆ ಎರಡು ಡಬ್ಬಿ ಇಡಿ, ಒಂದು ಟೆರೇಸ್ ಮೇಲೆ, ಒಂದು ಕೆಳಗೆ ಬಯಲಲ್ಲಿ. ಎತ್ತರದಲ್ಲಿ ಗಾಳಿ ಜೋರಾಗಿ ಹನಿಗಳನ್ನು ಪಕ್ಕಕ್ಕೆ ತಳ್ಳುವುದರಿಂದ ಟೆರೇಸ್ ಡಬ್ಬಿಯಲ್ಲಿ ಕಡಿಮೆ ಬೀಳಬಹುದು. ಎಷ್ಟು ಕಡಿಮೆ? ಅದನ್ನು ಅಳೆದವರಿಗೆ ತಮ್ಮ ಅಳತೆಯನ್ನು ಎಷ್ಟು ನಂಬಬಹುದು ಅಂತಲೂ ಗೊತ್ತಿರುತ್ತೆ. ಸಂದರ್ಶನದಲ್ಲಿ "ನಿನ್ನ ಡೇಟಾ ಸರಿ ಅಂತ ಹೇಗೆ ಹೇಳ್ತೀಯ?" ಅಂತ ಕೇಳಿದರೆ ಉತ್ತರ ಬಾಯಲ್ಲೇ ಇರುತ್ತೆ.

ಇಲ್ಲೇ ಅಪ್ಪ ಅಮ್ಮಂದಿರಿಗೆ ಒಂದು ಮಾತು. ದುಡ್ಡು ತಗೊಂಡು ವಿಷಯ ಕೊಟ್ಟು, ಮೆಂಟರ್ ಕೊಟ್ಟು, ಕೊನೆಗೆ ಯಾವುದೋ ಜರ್ನಲ್‌ನಲ್ಲಿ ಹಾಕಿಸಿಯೂ ಕೊಡುವ ಸೇವೆಗಳಿವೆ. ಒಳ್ಳೆಯ ಮಾರ್ಗದರ್ಶನಕ್ಕೆ ಬೆಲೆ ಇದೆ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಪ್ರಶ್ನೆಯನ್ನೇ ಕೊಂಡು ತಂದರೆ, "ಈ ವಿಷಯ ಯಾಕೆ ಆರಿಸಿದೆ?" ಅನ್ನುವ ಮೊದಲ ಪ್ರಶ್ನೆಗೇ ಮಗು ತಡವರಿಸುತ್ತೆ. ಹದಿನಾರು ವರ್ಷದ ಮಗುವಿಗೆ "ನಿನಗೆ ಹೊಳೆದದ್ದು ಸಾಲಲ್ಲ, ಬೇರೆಯವರದ್ದು ತಗೋ" ಅಂತ ನಾವೇ ಹೇಳಿದ ಹಾಗಾಗುತ್ತೆ. ಕೊಟ್ಟ ದುಡ್ಡಿಗಿಂತ ಆ ನಷ್ಟ ದೊಡ್ಡದು.

ಸಣ್ಣ ಪ್ರಶ್ನೆ ಅಂದರೆ ಸಣ್ಣ ಕೆಲಸ ಅಂತ ಅನ್ಕೋಬೇಡಿ. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಡಿ. ಆರ್. ಕಾಪ್ರೇಕರ್ ಅಂತ ಒಬ್ಬ ವಿದ್ಯಾರ್ಥಿ ಓದ್ತಿದ್ದರು. 1927ರಲ್ಲಿ ಗಣಿತದ ಸ್ವಂತ ಕೆಲಸಕ್ಕೆ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಪಡೆದರು. ಆಮೇಲೆ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಸ್ಕೂಲ್ ಮೇಷ್ಟ್ರಾದರು. ಅಂಕಿಗಳ ಜೊತೆ ಆಡೋದನ್ನು ಮಾತ್ರ ಬಿಡಲಿಲ್ಲ. 1949ರಲ್ಲಿ ಅವರು ಕಂಡದ್ದು 6174ರ ವಿಶೇಷ.

ನೀವೇ ಮಾಡಿ ನೋಡಿ. 3524 ತಗೊಳ್ಳಿ. ಅಂಕಿಗಳನ್ನು ಇಳಿಕೆಯಲ್ಲಿ, ಏರಿಕೆಯಲ್ಲಿ ಜೋಡಿಸಿ ಕಳೆಯಿರಿ: 5432ರಲ್ಲಿ 2345 ಹೋದರೆ 3087. ಮತ್ತೆ ಹಾಗೇ, 8730ರಲ್ಲಿ 0378 ಹೋದರೆ 8352. ಮತ್ತೆ, 8532ರಲ್ಲಿ 2358 ಹೋದರೆ 6174. ನಾಲ್ಕೂ ಅಂಕಿ ಒಂದೇ ಆಗಿರದ ಯಾವ ನಾಲ್ಕಂಕಿ ಸಂಖ್ಯೆ ತಗೊಂಡರೂ ಹೆಚ್ಚೆಂದರೆ ಏಳು ಹೆಜ್ಜೆಗೆ ಅಲ್ಲಿಗೇ ಬಂದು ನಿಲ್ಲುತ್ತೆ. ಇದಕ್ಕೆ ಲ್ಯಾಬ್ ಬೇಕಾಗಲಿಲ್ಲ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಬರೆದ ಮೇಲೆ ಹೊರಜಗತ್ತೂ ಅವರನ್ನು ಗುರುತಿಸಿತು.

ಇನ್ನು ನಮ್ಮ ಕನ್ನಡದ ಮಕ್ಕಳಿಗೆ ಕೈಯಲ್ಲೇ ಇರುವ ಒಂದು ವಿಷಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಇದರಿಂದ ಏನು ಪ್ರಶ್ನೆ ಹುಟ್ಟಬಹುದು? ಪುಣೆಯಲ್ಲಿ ಮೂರು ತಲೆಮಾರು ಇರುವ ಹತ್ತು ಕನ್ನಡ ಮನೆಗಳನ್ನು ಆರಿಸಿ. ಅಡುಗೆಮನೆಯ 50 ವಸ್ತುಗಳ ಚಿತ್ರ ಮಾಡ್ಕೊಳ್ಳಿ. ಅಜ್ಜಿಗೆ, ಅಮ್ಮನಿಗೆ, ಮೊಮ್ಮಗಳಿಗೆ ಬೇರೆ ಬೇರೆಯಾಗಿ ತೋರಿಸಿ, ಬಾಯಿಗೆ ಮೊದಲು ಬಂದ ಪದ ಬರೆದುಕೊಳ್ಳಿ. ಯಾವ ಪದಗಳು ಮೊದಲು ಮರಾಠಿಗೆ ಅಥವಾ ಇಂಗ್ಲಿಷ್‌ಗೆ ತಿರುಗುತ್ತವೆ? ದಿನಾ ಬಳಸುವ ವಸ್ತುವಿನದ್ದೋ, ಅಪರೂಪದ್ದೋ?

ಇಲ್ಲೊಂದು ತೊಡಕೂ ಇದೆ, ಅದೇ ಇದರ ರುಚಿ. ನಮ್ಮ ತುಪ್ಪ, ಅವರ ತೂಪ್; ನಮ್ಮ ಅಡಕೊತ್ತು, ಅವರ ಅಡಕಿತ್ತಾ. ಎರಡು ಭಾಷೆಗಳೂ ನೂರಾರು ವರ್ಷ ಕೊಟ್ಟು ತಗೊಂಡಿವೆ. ಅಜ್ಜಿ ಹೇಳಿದ ಪದ ಕನ್ನಡದ್ದೋ ಮರಾಠಿಯದ್ದೋ ಅಂತ ಹೇಗೆ ಎಣಿಸ್ತೀರಿ? ಆ ನಿಯಮವನ್ನು ಮೊದಲ ಮನೆಗೆ ಹೋಗೋ ಮೊದಲೇ ಬರೆದಿಟ್ಟುಕೊಳ್ಳಬೇಕು. ಮತ್ತೆ, ಜನರನ್ನು ಕೇಳಿ ಮಾಡುವ ಕೆಲಸಕ್ಕೆ ಒಪ್ಪಿಗೆ ಬೇಕು, ಹೆಸರು ಬರೆಯಬಾರದು. ಐಸೆಫ್‌ನಂಥ ವಿಜ್ಞಾನ ಸ್ಪರ್ಧೆಗೆ ಕಳಿಸೋ ಯೋಚನೆ ಇದ್ದರೆ, ಕೆಲಸ ಶುರು ಮಾಡುವ ಮೊದಲೇ ಪರಿಶೀಲನೆ ಆಗಿರಬೇಕು ಅನ್ನೋದು ಅಲ್ಲಿಯ ನಿಯಮ.

ತಜ್ಞರ ಸಹಾಯ ಬೇಡ್ವಾ? ಬೇಕು. ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ವಿಭಾಗ ಇದೆ, ಪಾಷಾಣದಲ್ಲಿ ಮಳೆಗಾಲವನ್ನೇ ಅಧ್ಯಯನ ಮಾಡುವ ಐಐಟಿಎಂ ಇದೆ. ಆದರೆ "ಸರ್, ಟಾಪಿಕ್ ಕೊಡಿ" ಅಂತ ಮೇಲ್ ಮಾಡ್ಬೇಡಿ. ಹದಿನೈದು ದಿನ ಅಳೆದು, ಒಂದು ಪುಟದಲ್ಲಿ ಕೋಷ್ಟಕ ಹಾಕಿ, "ಇಲ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ" ಅಂತ ಬರೆಯಿರಿ. ಅಂಥ ಮೇಲ್‌ಗೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಸಮಯದ ಲೆಕ್ಕವೂ ಇರಲಿ. ಆಕ್ಸ್‌ಫರ್ಡ್, ಕೇಂಬ್ರಿಜ್ ಅರ್ಜಿಗೆ ಅಕ್ಟೋಬರ್ 15 ಕೊನೆ. ಅಮೆರಿಕದ ಬಹಳಷ್ಟು ಕಡೆ ನವೆಂಬರ್ ಅಥವಾ ಜನವರಿ ಶುರು. ಹಾಗಾಗಿ ಹನ್ನೊಂದರ ಮಳೆಗಾಲದಲ್ಲಿ ಅಳತೆ, ಚಳಿಗಾಲದಲ್ಲಿ ಲೆಕ್ಕಾಚಾರ, ಹನ್ನೆರಡರ ಜೂನ್-ಜುಲೈನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿದರೆ ಸರಿಹೋಗುತ್ತೆ. ಮೊದಲ ದಿನದಿಂದ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಕೈಬರಹದಲ್ಲಿ ಬರೆದಿಡಿ. ಕೆಲಸ ನಿಮ್ಮದೇ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಈ ವಾರ ಇಷ್ಟು ಮಾಡಿ. ನಿಮಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಐದು ಪ್ರಶ್ನೆ ಬರೆಯಿರಿ. ಪ್ರತಿಯೊಂದಕ್ಕೂ ಮೊದಲ ಅಳತೆಯನ್ನು ಮುಂದಿನ ಭಾನುವಾರದೊಳಗೆ, ಮನೆಯಲ್ಲಿರೋ ಸಾಮಾನಿನಿಂದ ಮಾಡೋಕೆ ಆಗುತ್ತಾ ನೋಡಿ. ಆಗದೇ ಇರೋದನ್ನು ಹೊಡೆದುಹಾಕಿ. ಉಳಿದದ್ದನ್ನು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ. ಅವರು "ಹೌದಲ್ಲ, ಅದು ಯಾಕೆ ಹಾಗೆ?" ಅಂದರೆ, ಅಲ್ಲಿಂದ ಶುರು ಮಾಡಿ.

ನಿಮ್ಮ ಐದು ಪ್ರಶ್ನೆಗಳನ್ನು ಕಳಿಸಿದರೆ ಓದೋಕೆ ನನಗೂ ಖುಷಿ.