ಓದಿಸುವುದೂ ಸಹಕಾರದ ಕೆಲಸವೇ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬ ಎಂದ ಮೇಲೆ ಷೇರು, ಠೇವಣಿ, ಸಾಲ ವಸೂಲಿಯ ಮಾತು ಇದ್ದೇ ಇರುತ್ತದೆ. ಅದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಹೇಳಿದ್ದಾರೆ. ನಾವು ಹೇಳಲು ನಿಂತಿರುವುದು ನಮ್ಮೂರ ಶಾಲೆಯ ವಿಕಲಚೇತನ ಮಕ್ಕಳಿಗೆ ಓದು ಹೇಳಿಕೊಡುವ ವಿಚಾರ. ಸೊಸೈಟಿಗೂ ಇದಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಇವತ್ತು ಕ್ಲಾಸಿನ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುವ ಮಗುವೇ ನಾಳೆ ಅಪ್ಪನ ತೋಟಕ್ಕೆ ವಾರಸುದಾರ, ನಮ್ಮ ಸಂಘಕ್ಕೆ ಸದಸ್ಯ. ಓದು ಬಾರದಿದ್ದರೆ ಸಾಲದ ಪತ್ರದಲ್ಲಿ ಏನಿದೆ ಅನ್ನೋದನ್ನು ಇನ್ನೊಬ್ಬರ ಬಾಯಿಂದ ಕೇಳಿ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದು ಓಟು. ತನ್ನ ಲೆಕ್ಕ ತಾನು ಓದಿಕೊಂಡಾಗಲೇ ಆ ಓಟಿಗೆ ಪೂರ್ತಿ ಬಲ. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಮ್ಯಾಂಚೆಸ್ಟರಿನಲ್ಲಿ ಒಪ್ಪಿದ ಏಳು ಸಹಕಾರ ತತ್ವಗಳಲ್ಲಿ ಐದನೆಯದು ಶಿಕ್ಷಣ, ಏಳನೆಯದು ಸಮುದಾಯದ ಕಾಳಜಿ. ಈ ಕೆಲಸ ಎರಡಕ್ಕೂ ಸೇರಿದ್ದು.

ನಮ್ಮದು ಅಕ್ಷರಕ್ಕೆ ಹೆಸರಾದ ಸೀಮೆ. ಶೃಂಗೇರಿ ಶಾರದೆಯ ಸನ್ನಿಧಿಗೆ ಎಲ್ಲೆಲ್ಲಿಂದಲೋ ಮಕ್ಕಳನ್ನು ಅಕ್ಷರಾಭ್ಯಾಸಕ್ಕೆ ಕರಕೊಂಡು ಬರ್ತಾರೆ. ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಇಂಥ ನೆಲದಲ್ಲಿ ಕಿವಿ ಮಂದ, ಕಣ್ಣು ಮಂಜು, ಮಾತು ತೊದಲು ಅನ್ನುವ ಕಾರಣಕ್ಕೆ ಒಂದು ಮಗು ಅಕ್ಷರದಿಂದ ದೂರ ಉಳಿಯಬಾರದು.

ಕಾನೂನೇನೋ ಇದೆ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಹೆಸರಿಸಿದ್ದರು. 2016ರ ಕಾಯ್ದೆಯಲ್ಲಿ ಅದು 21 ಆಯಿತು. ಬುದ್ಧಿ ಚುರುಕಾಗಿದ್ದೂ ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಕಲಿಕಾ ನ್ಯೂನತೆಯೂ ಈಗ ಅದರಲ್ಲಿ ಸೇರಿದೆ. ಅಂದಮೇಲೆ ಊರಲ್ಲಿ 'ದಡ್ಡ' ಅಂತ ಹೆಸರು ಬಿದ್ದ ಮಕ್ಕಳೆಲ್ಲ ದಡ್ಡರಲ್ಲ. ಶೇ. 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತ ಶಿಕ್ಷಣದ ಹಕ್ಕಿದೆ. ತಾಲ್ಲೂಕಿನ ಬಿ.ಆರ್.ಸಿ.ಯಿಂದ ವಿಶೇಷ ಸಂಪನ್ಮೂಲ ಶಿಕ್ಷಕರೂ ಬರ್ತಾರೆ. ಆದರೆ ಅವರಿಗೆ ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತಬೇಕು. ನಮ್ಮ ಘಟ್ಟದ ದಾರಿ, ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ಅವರು ಬಂದು ಹೋದ ನಡುವಿನ ದಿನಗಳನ್ನು ತುಂಬಬೇಕಾದವರು ಊರವರು.

ಅದಕ್ಕೇ ನಾವು ಕೆಲವು ಸದಸ್ಯರು ಸೇರಿ ಓದಿಸುವ ಕೆಲಸ ಶುರು ಮಾಡಿದೆವು. ಹೆಡ್‌ಮಾಸ್ಟರು, ಎಸ್.ಡಿ.ಎಂ.ಸಿ., ತಾಯಿತಂದೆಯರ ಒಪ್ಪಿಗೆ ಪಡೆದೇ ನಡೆಸುತ್ತಿದ್ದೇವೆ. ಒಂದು ಮಗುವಿಗೆ ಒಬ್ಬರು, ವಾರಕ್ಕೆ ಎರಡು ದಿನ, ಅರ್ಧ ಗಂಟೆ. ಎಲ್ಲರ ಕಣ್ಣಿಗೆ ಕಾಣುವಂತೆ ಶಾಲೆಯ ಜಗಲಿಯಲ್ಲೇ ಕೂರೋದು. ಎಸ್ಸೆಸ್ಸೆಲ್ಸಿ ಓದಿದ ನಮ್ಮಂಥವರಿಗೂ ಆಗುವ ಕೆಲಸ ಇದು. ತಾಳ್ಮೆ ಮಾತ್ರ ಬೇಕು.

ಮೊದಲು ನಾವು ಗಟ್ಟಿಯಾಗಿ ಓದೋದು, ಆಮೇಲೆ ಬೆರಳಿಟ್ಟುಕೊಂಡು ಇಬ್ಬರೂ ಒಟ್ಟಿಗೆ, ಕೊನೆಗೆ ಮಗು ಒಂದೇ. ತಡವರಿಸಿದರೆ ಐದು ಎಣಿಸುವಷ್ಟು ಹೊತ್ತು ಕಾಯಬೇಕು. ಗದರಿಸಬಾರದು. ಮೊದಲಿಗೆ ಮನೆಯ ಮಾತನ್ನೇ ಚೀಟಿಯಲ್ಲಿ ಬರೆದೆವು. ಮಳೆ, ಕೊನೆ, ಅಡಿಕೆ. ಇವು ಬಂದ ಮೇಲೆ ಒತ್ತಕ್ಷರದ ಸುಣ್ಣ, ಕೊಟ್ಟೆ, ಮೈಲುತುತ್ತ. ಬ-ಭ, ದ-ಧ ಗೊಂದಲವಾದರೆ ಮರಳಿನ ಮೇಲೆ ಬೆರಳಲ್ಲಿ ತಿದ್ದಿಸೋದು. ಕಿವಿ ಮಂದವಿರುವ ಮಗುವಿಗೆ ನಮ್ಮ ತುಟಿ ಕಾಣುವಂತೆ ಬೆಳಕಿಗೆ ಮುಖ ಮಾಡಿ ಕೂರಬೇಕು. ಕಣ್ಣು ಮಂಜಾದ ಮಗುವಿಗೆ ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು ಅಕ್ಷರ ಬೇಕು. ಮಾತು ಹೊರಡದ ಮಗು ಚೀಟಿ ಮುಟ್ಟಿ ತೋರಿಸಿದರೂ ಅದು ಉತ್ತರವೇ. ಪೂರ್ತಿ ಕಣ್ಣು ಕಾಣದ ಮಗುವಿಗೆ ಬ್ರೈಲ್ ಕಲಿಸೋದು ತರಬೇತಾದ ಶಿಕ್ಷಕರ ಕೆಲಸ. ಕಥೆ ಓದಿ ಹೇಳೋದು ನಮ್ಮ ಕೈಯಲ್ಲಿದೆ.

ಎಲ್ಲ ಮಕ್ಕಳೂ ಓದಿಬಿಟ್ಟರು ಅಂತ ಹೇಳೋದಿಲ್ಲ. ಒಬ್ಬ ಹುಡುಗ ಈಗ ಸೊಸೈಟಿಯ ಬೋರ್ಡು ನಿಂತು ಓದ್ತಾನೆ. ಒಂದು ಹುಡುಗಿ ಇನ್ನೂ ಅಕ್ಷರದಲ್ಲೇ ಇದ್ದಾಳೆ. ಆದರೆ ಓದಿಸುವ ದಿನ ಅವಳು ಶಾಲೆ ತಪ್ಪಿಸೋದಿಲ್ಲ. ಅದೂ ಒಂದು ಫಲವೇ.

ತೊಂದರೆ ಇರೋದು ಮಕ್ಕಳಲ್ಲಲ್ಲ, ನಮ್ಮ ಬಿಡುವಿನಲ್ಲಿ. ಕೊನೆ ಕೊಯ್ಲು, ಅಡಿಕೆ ಸುಲಿಯೋದು, ಕಾಫಿ ಕೊಯ್ಲು ಬಂದರೆ ಓದಿಸುವವರೇ ಇರೋದಿಲ್ಲ. ಎರಡು ತಿಂಗಳು ಬಿಟ್ಟರೆ ಕಲಿತದ್ದು ಹಿಂದೆ ಹೋಗುತ್ತದೆ. ಆದ್ದರಿಂದ ಪ್ರತಿ ಮಗುವಿಗೂ ಇಬ್ಬರು ಬೇಕು. ಒಬ್ಬರಿಗೆ ಕೆಲಸ ಬಂದರೆ ಇನ್ನೊಬ್ಬರು. ಮಳೆಗೆ ಮುಂಚೆ ಬೋರ್ಡೋ ಹೊಡೆಯದೆ, ಕೊಳೆ ಬಂದು ಕಾಯಿ ಉದುರಿದ ಮೇಲೆ ಮರ ಹತ್ತಿದರೆ ಪ್ರಯೋಜನವೇನು? ಓದಿನದ್ದೂ ಹಾಗೇ. ಮೂರನೇ ಕ್ಲಾಸಿನೊಳಗೆ ಹಿಡಿದರೆ ಸುಲಭ, ಏಳನೇ ಕ್ಲಾಸಿನಲ್ಲಿ ಹಿಡಿದರೆ ಬಹಳ ಕಷ್ಟ.

ಸಂಘದಿಂದ ನಾವು ದುಡ್ಡು ಕೇಳುತ್ತಿಲ್ಲ. ನಿಮ್ಮ ವಾರದಲ್ಲಿ ಒಂದು ಗಂಟೆ ಕೇಳುತ್ತಿದ್ದೇವೆ. ನಿವೃತ್ತ ಮೇಷ್ಟ್ರುಗಳು, ಸ್ವಸಹಾಯ ಸಂಘದ ಅಕ್ಕಂದಿರು, ಕಾಲೇಜು ಮುಗಿಸಿ ಊರಲ್ಲಿರುವ ಹುಡುಗರು ಕಾರ್ಯದರ್ಶಿಗಳ ಹತ್ತಿರ ಇವತ್ತೇ ಹೆಸರು ಬರೆಸಬೇಕೆಂದು ಪ್ರಾರ್ಥಿಸಿ ನಮ್ಮ ಎರಡು ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಸಹಕಾರ.