ಕೆರೆಯ ಮೀನು ಮತ್ತು ಕಾಯಿದೆ

(ಉಪ್ಪಾರಪೇಟೆಯಲ್ಲಿ ಸೇರಿದ್ದ ರೈತರ ಮುಂದೆ ಗ್ರಾಮಸೇವಕರು ಮಾಡಿದ ಭಾಷಣ)



ಮಳೆಗಾಲ ಹಿಡಿಯಿತೆಂದರೆ ಹಳ್ಳಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ಕೆರೆ ನಮ್ಮೂರದು, ಮೀನು ದೇವರು ಕೊಟ್ಟದ್ದು. ಹಿಡಿಯಲು ಸರ್ಕಾರದ ಅಪ್ಪಣೆ ಏತಕ್ಕೆ?” ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಮೀನಿನಿಂದಲೇ ಕೇಳೋಣ.

ಮುಂಗಾರಿನ ಹೊಸ ನೀರು ಬಂದಾಗ ಗೆಂಡೆ ಮೊದಲಾದ ನಾಡಮೀನುಗಳು ಮೊಟ್ಟೆಯಿಡಲು ನೀರಿಗೆ ಎದುರಾಗಿ ಕಾಲುವೆ ಹತ್ತುತ್ತವೆ. ಕೊರಮೀನು ಅಂಚಿನ ಜೊಂಡಿನಲ್ಲಿ ಮರಿಗಳನ್ನು ಕಾಯುತ್ತದೆ. ಆಗ ಕಾಲುವೆಗೆ ಅಡ್ಡಲಾಗಿ ಕೂಳಿ ಇಟ್ಟರೆ ಬುಟ್ಟಿ ತುಂಬುವುದು ನಿಜ. ಆದರೆ ಅದು ಬಿತ್ತನೆಯ ಕಾಳನ್ನೇ ಬೇಯಿಸಿ ಉಂಡಂತೆ. ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧ ಹಾಕುವುದು ಇದೇ ಕಾರಣದಿಂದ.

ಕಟ್ಲಾ, ರೋಹು, ಮೃಗಾಲ್ ಮೀನುಗಳ ಸಂಗತಿ ಬೇರೆ. ಇವು ಹರಿಯುವ ನದಿಯಲ್ಲಿ ಮರಿ ಮಾಡುತ್ತವೆ. ನಿಂತ ಕೆರೆಯಲ್ಲಿ ಮಾಡವು. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಇಂಥ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ಮರಿಗಳನ್ನು ಸಾಕಿ ಕೆರೆಗೆ ಬಿಡುವುದು ಸುಲಭವಾಯಿತು. ಬೆರಳುದ್ದದ ಮರಿ ಸುಮಾರು 10 ಗ್ರಾಂ ತೂಗುತ್ತದೆ. ನೂರು ಮರಿ ಹಿಡಿದರೆ ಸಿಕ್ಕುವುದು ಒಂದು ಕಿಲೋ. ಅವನ್ನೇ ಒಂದು ವರ್ಷ ಬಿಟ್ಟರೆ, ಅರ್ಧ ಸತ್ತರೂ, ಮೇವಿರುವ ಕೆರೆಯಲ್ಲಿ 50 ಕಿಲೋ ಆಗಬಹುದು. ಸಣ್ಣ ಕಣ್ಣಿನ ಬಲೆ ಬೇಡವೆನ್ನುವುದರ ಲೆಕ್ಕ ಇಷ್ಟೇ.

ಮದ್ದು ಸಿಡಿಸಿ, ವಿಷ ಬೆರೆಸಿ ಹಿಡಿಯುವುದಂತೂ ಅಪರಾಧ. ಬ್ರಿಟಿಷ್ ಇಂಡಿಯಾದ 1897ರ ಮೀನುಗಾರಿಕೆ ಕಾಯಿದೆಯೇ ಇದಕ್ಕೆ ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿವರೆಗೆ ದಂಡ ಇಟ್ಟಿತ್ತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಶಾಸನ ಮಾಡಿತು. ಆಮೇಲೆ ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ಕಾಯಿದೆ ಬಂದಿತು. ಆದರೆ ಶಿಕ್ಷೆಗಿಂತ ದೊಡ್ಡ ಭಯ ಬೇರೊಂದಿದೆ. ಅದೇ ನೀರನ್ನು ನಿಮ್ಮ ಎತ್ತು ಕುಡಿಯುತ್ತದೆ, ಆ ಮೀನನ್ನು ನಿಮ್ಮ ಮಗು ತಿನ್ನುತ್ತದೆ. ಕೀಟನಾಶಕ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆಯುವುದೂ ವಿಷ ಹಾಕಿದಂತೆಯೇ.

ನೆರೆಯ ನೀಲಗಿರಿಯನ್ನು ನೋಡಿ. ಹೊರದೇಶದ ಟ್ರೌಟ್ ಮೀನನ್ನು ಅಲ್ಲಿಯ ತಣ್ಣೀರಿಗೆ ತಂದು, 1907ರಲ್ಲಿ ಅವಲಾಂಚೆಯಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿದರು. ಅಲ್ಲಿ ಗಾಳ ಹಾಕುವವರು ಪರವಾನಗಿ ಪಡೆಯಬೇಕೆಂಬ ಕಟ್ಟಳೆ ಬಂತು. ಮೋಜಿನ ಮೀನಿಗೇ ಇಷ್ಟು ಜೋಪಾನವಿದ್ದರೆ, ಊಟದ ಮೀನಿಗೆ ಬೇಡವೇ?

ನಿಮ್ಮ ಕೆರೆಯ ಮೀನಿನ ಹಕ್ಕು ಪಂಚಾಯಿತಿಯದೋ, ಮೀನುಗಾರಿಕೆ ಇಲಾಖೆಯದೋ ಮೊದಲು ವಿಚಾರಿಸಿ. ಗುತ್ತಿಗೆ ಯಾರಿಗೆ, ಎಷ್ಟು ವರ್ಷಕ್ಕೆ, ಷರತ್ತೇನು ಎಂಬುದನ್ನು ಗ್ರಾಮಸಭೆಯಲ್ಲಿ ಓದಿಸಿ. ಮೀನು ಹಿಡಿಯಲೆಂದು ಗುತ್ತಿಗೆದಾರನು ತೂಬು ತೆಗೆದು ಕೆರೆ ಬರಿದು ಮಾಡಬಾರದು. ಪೈರಿನ ನೀರು ಪೈರಿಗೇ ಸಲ್ಲಬೇಕು. ಹಾಗೆಯೇ ಅವನು ದುಡ್ಡು ಹಾಕಿ ಬಿಟ್ಟ ಮರಿಯನ್ನು ರಾತ್ರಿ ಕದಿಯುವುದೂ ನ್ಯಾಯವಲ್ಲ. ತಂಟೆ ಬಂದರೆ ಕೈಮಾಡದೆ ಪಂಚಾಯಿತಿಗೆ ಬರೆದು ಕೊಡಿ.

ಇನ್ನೊಂದು ಮಾತು. ಈ ಉಪ್ಪಾರಪೇಟೆಯ ಪಕ್ಕದಲ್ಲೇ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಈಗ ಅಲ್ಲಿರುವುದು ಕೆಂಪೇಗೌಡ ಬಸ್ ನಿಲ್ದಾಣ. ಕೆರೆಯೇ ಹೋದ ಮೇಲೆ ಯಾವ ಕಾಯಿದೆ ಮೀನನ್ನು ಕಾಯಬಲ್ಲುದು? ಆದುದರಿಂದ ಮಳೆಗೆ ಮುಂಚೆ ಕಾಲುವೆಯ ಹೂಳು ತೆಗೆಯಿರಿ, ಏರಿ ಭದ್ರಪಡಿಸಿ, ಮರಿಮೀನನ್ನು ಬೆಳೆಯಬಿಡಿ.