ಎರಡು ಕಣ್ಣು, ಒಂದು ನೋಟ

ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ತಡವರಿಸುತ್ತೀರಿ, ಅಲ್ಲವೇ? ನಮ್ಮ ಕಣ್ಣುಗಳ ನಡುವೆ ಸುಮಾರು 65 ಮಿಲಿಮೀಟರ್ ಅಂತರವಿದೆ. ಎರಡೂ ಕಾಣುವ ನೋಟಗಳ ವ್ಯತ್ಯಾಸದಿಂದ ಮಿದುಳು ಆಳವನ್ನು ಗ್ರಹಿಸುತ್ತದೆಂದು 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ತೋರಿಸಿಕೊಟ್ಟರು. 1950ರ ದಶಕದ ಸೋವಿಯತ್ ಕ್ಯಾಮೆರಾ ‘ಸ್ಪುಟ್ನಿಕ್’ 120 ಫಿಲ್ಮಿನಲ್ಲಿ ಇಂಥ ಜೋಡಿಚಿತ್ರಗಳನ್ನು ತೆಗೆಯುತ್ತಿತ್ತು.

ನನ್ನ ಬಳಿ ಅದಿರಲಿಲ್ಲ. ಇದ್ದ ಹಳೆಯ ಕ್ಯಾಮೆರಾವನ್ನು ಹಲಗೆಯ ಮೇಲಿಟ್ಟು, ಎರಡು ಮೀಟರ್ ದೂರದ ದಾಸವಾಳವನ್ನು ಒಮ್ಮೆ ತೆಗೆದು, 65 ಮಿಲಿಮೀಟರ್ ಬಲಕ್ಕೆ ಸರಿಸಿ ಇನ್ನೊಮ್ಮೆ ತೆಗೆದೆ. 6 ಸೆಂಟಿಮೀಟರ್ ಚೌಕದ ಹನ್ನೆರಡು ಚಿತ್ರಗಳ ಸುರುಳಿ, ಆರೇ ಅವಕಾಶ. ಐದರಲ್ಲಿ ಗಾಳಿಗೆ ಎಲೆ ಮಿಸುಕಿ ಕೆಟ್ಟವು. (ಫಿಲ್ಮಿನ ಬೆಲೆ ಕೇಳಬೇಡಿ!) ಆರನೆಯದರಲ್ಲಿ ಹೂವು ಎಲೆಗಳ ಹಿಂದೆ ಹೋಗಿ ಕುಳಿತಿತ್ತು. ಎಡ-ಬಲ ಅದಲುಬದಲು ಅಂಟಿಸಿದ್ದೆ! ಸರಿಪಡಿಸಿ ಮಸೂರಗಳಲ್ಲಿ ಇಣುಕಿದೆ. ಕೇಸರ ಬೆರಳಿಗೆ ಸಿಗುವಷ್ಟು ಹತ್ತಿರ ಬಂದಿತ್ತು.